ನಿಮಗಿದು ಗೊತ್ತೆ? ಟೈಗರ್ ಮಾತ್‌ಗೆ ಬ್ರೇಕೇ ಇರಲಿಲ್ಲ!
1931ರಲ್ಲಿ ಬ್ರಿಟನ್ನಿನಲ್ಲಿ ಮೊದಲು ಹಾರಿದ ತರಬೇತಿ ವಿಮಾನ ಟೈಗರ್ ಮಾತ್‌ಗೆ ಬಟ್ಟೆ ಹೊದಿಸಿದ ಎರಡು ಜೋಡಿ ರೆಕ್ಕೆ, ತೆರೆದ ಕಾಕ್‌ಪಿಟ್. ಗಾಳಿಗೆ ಮುಖವೊಡ್ಡಿ ಹೊಲಗದ್ದೆಗಳ ಮೇಲೆ ತೇಲುವ ಆ ಸುಖ ಜೆಟ್‌ನಲ್ಲಿ ಕೂತವರಿಗೆ ದಕ್ಕದು. ಇಷ್ಟು ನಿಧಾನದ ವಿಮಾನದಲ್ಲಿ ಅಪಾಯವೆಲ್ಲಿ ಎನ್ನಬಹುದು. ಇಳಿಯುವ ವೇಗ ಕಡಿಮೆ, ಹಾಗಾಗಿ ಅಪ್ಪಳಿಸಿದರೂ ಪೆಟ್ಟು ಕಡಿಮೆ ಎಂಬುದು ನಿಜವೇ. ಆದರೆ ವೇಗ ಮಿತಿಮೀರಿ ತಗ್ಗಿದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಂಡು ವಿಮಾನ ಗಿರಕಿ ಹೊಡೆಯಬಹುದು. ನೆಲ ಹತ್ತಿರವಿದ್ದರೆ ಸಾವರಿಸಿಕೊಳ್ಳಲು ಎತ್ತರವೇ ಸಾಲದು. ನೆಲದ ಮೇಲಾದರೂ ನೆಮ್ಮದಿಯೇ? ಮೂಲ ವಿನ್ಯಾಸದಲ್ಲಿ ಬ್ರೇಕೂ ಇಲ್ಲ, ಸ್ಟಾರ್ಟರೂ ಇಲ್ಲ. ಎಂಜಿನ್ ಚಾಲೂ ಮಾಡಲು ಪ್ರೊಪೆಲ್ಲರನ್ನು ಕೈಯಿಂದಲೇ ತಿರುಗಿಸಬೇಕು. ಎಂಜಿನ್ನಿಗೆ ಕಿಡಿ ಒದಗಿಸುವ ಮ್ಯಾಗ್ನೆಟೊದ ಸ್ವಿಚ್ ಮರೆತು ಆನ್ ಬಿಟ್ಟಿದ್ದರೆ ಸುಮ್ಮನೆ ಮುಟ್ಟಿದವರ ಕೈಗೂ ಕುತ್ತು. ಭಾರತೀಯ ವಾಯುಪಡೆಯಲ್ಲಿ ಈ ತರಬೇತಿ ವಿಮಾನದ ಜಾಗಕ್ಕೆ ಬಂದದ್ದು ಬೆಂಗಳೂರಿನ ಎಚ್‌ಎಎಲ್ 1951ರಲ್ಲಿ ಹಾರಿಸಿದ ಎಚ್‌ಟಿ-2.