ತಾಯಂದಿರ ಮೌನವೂ ದಾದಿಯರ ತಪಾಸಣೆಯೂ

ಮನೆಮಂದಿಗೆಲ್ಲ ಉಣಬಡಿಸಿ ಕೊನೆಗೆ ತಾನು ಉಣ್ಣುವ ತಾಯಿ, ತನ್ನ ದೇಹದ ಬಾಧೆಯನ್ನೂ ಹಾಗೆಯೇ ಕೊನೆಗೆ ಸರಿಸುತ್ತಾಳೆ. ಬಿಳಿಸೆರಗು ಹೆಚ್ಚಾದರೆ ‘ಉಷ್ಣವಾಗಿರಬೇಕು’ ಎಂದು ಸುಮ್ಮನಾಗುತ್ತಾಳೆ. ಮುಟ್ಟು ನಿಂತು ವರ್ಷಗಳಾದ ಮೇಲೆ ರಕ್ತ ಕಂಡರೂ ಬಾಯಿಬಿಡುವುದಿಲ್ಲ. ಈ ಮೌನದ ಮರೆಯಲ್ಲಿ ಬೆಳೆಯುವ ರೋಗವೇ ಗರ್ಭಕಂಠದ ಕ್ಯಾನ್ಸರ್. ಅಂತರರಾಷ್ಟ್ರೀಯ ಅಂದಾಜಿನಂತೆ 2022ರ ಒಂದೇ ವರ್ಷದಲ್ಲಿ ಭಾರತದ ಸುಮಾರು 1,27,000 ಸ್ತ್ರೀಯರಲ್ಲಿ ಇದು ಹೊಸದಾಗಿ ಕಾಣಿಸಿಕೊಂಡಿತು. ಸುಮಾರು 80,000 ತಾಯಂದಿರು ಇದರಿಂದ ಅಸುನೀಗಿದರು.

ಇದರ ಮೂಲ ಎಚ್.ಪಿ.ವಿ. ಎಂಬ ವೈರಸ್. ದೇಹಸಂಪರ್ಕದಿಂದ ಬರುವ ಇದು ಬಹುಪಾಲು ಸ್ತ್ರೀಪುರುಷರಿಗೆ ಒಮ್ಮೆಯಾದರೂ ತಗಲಿ, ಹೆಚ್ಚಿನವರಲ್ಲಿ ತಾನಾಗಿಯೇ ಮಾಯವಾಗುತ್ತದೆ. ಆದ್ದರಿಂದ ಇದು ಯಾರ ಶೀಲಕ್ಕೂ ಹಚ್ಚಬೇಕಾದ ಕಳಂಕವಲ್ಲ. ಕೆಲವರಲ್ಲಿ ಮಾತ್ರ ಬೇರೂರಿ, ಗರ್ಭಕೋಶದ ಬಾಯಿಯ ಜೀವಕೋಶಗಳನ್ನು ಮೆಲ್ಲನೆ ಕೆಡಿಸುತ್ತದೆ. ಆ ಕೆಡುಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ಹದಿನೈದು ವರ್ಷಗಳು ಬೇಕು. ಅಷ್ಟು ಕಾಲವೂ ನೋವಿರುವುದಿಲ್ಲ. ಆದರೆ ನೋಡಬಲ್ಲ ಕಣ್ಣಿಗೆ ಗುರುತು ಸಿಗುತ್ತದೆ. ಆ ಕಣ್ಣು ಊರಿನ ದಾದಿಯದೇ ಆಗಬಹುದು ಎಂಬುದನ್ನು ಹೇಳುವುದಕ್ಕಾಗಿಯೇ ನಾವು ಈ ಲೇಖನವನ್ನು ಬರೆಯುತ್ತಿದ್ದೇವೆ.

ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ ತರಬೇತಿ ಪಡೆದ ದಾದಿಯರೇ 30ರಿಂದ 59 ವರ್ಷದ ಸ್ತ್ರೀಯರನ್ನು ಪರೀಕ್ಷಿಸಿದರು. 2007ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಪಾಸಣೆ ನಡೆದ ಕಡೆ ಈ ರೋಗದ ಸಾವು ನೂರಕ್ಕೆ 35ರಷ್ಟು ಕಡಿಮೆಯಾಗಿತ್ತು. ಈ ಬಗೆಯ ಅನುಭವದ ಬಲದಿಂದಲೇ ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯು, 30ರಿಂದ 65 ವರ್ಷದ ಸ್ತ್ರೀಯರಿಗೆ ಐದು ವರ್ಷಕ್ಕೊಮ್ಮೆ ಈ ತಪಾಸಣೆಯಾಗಬೇಕೆಂದು ವಿಧಿಸಿತು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವರ್ಷದ ನೂರು ಸ್ತ್ರೀಯರಲ್ಲಿ ಇಬ್ಬರು ಕೂಡ ತಪಾಸಣೆ ಮಾಡಿಸಿಕೊಂಡಿರಲಿಲ್ಲ.

ಉತ್ತರ ಕನ್ನಡದ ಕರಾವಳಿಯ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳನ್ನು ನೋಡಿದರೆ ಊರಿನ ದಾದಿಯ ಬೆಲೆ ತಿಳಿಯುತ್ತದೆ. ಒಂದೆಡೆ ಕಡಲು, ಇನ್ನೊಂದೆಡೆ ಘಟ್ಟ. ನಡುವೆ ಶರಾವತಿ, ಅಘನಾಶಿನಿಯರ ಕಣಿವೆಗಳಲ್ಲಿ ಚದುರಿದ ಮನೆಗಳು. ಮೀನು ಮಾರುವವಳು, ಮಲ್ಲಿಗೆ ಕಟ್ಟುವವಳು, ತೋಟದ ಕೂಲಿಗೆ ಹೋಗುವವಳು ಒಂದು ದಿನ ತಪ್ಪಿಸಿಕೊಂಡರೆ ಅಂದಿನ ಗಳಿಕೆಯೇ ಇಲ್ಲ. ದೊಡ್ಡ ಚಿಕಿತ್ಸೆಗೆ ಇಲ್ಲಿಯವರು ಮಣಿಪಾಲ, ಮಂಗಳೂರು ಅಥವಾ ಹುಬ್ಬಳ್ಳಿಯ ದಾರಿ ಹಿಡಿಯಬೇಕು. ನೋವಿಲ್ಲದ ಹೆಣ್ಣುಮಗಳು ಬರಿಯ ತಪಾಸಣೆಗಾಗಿ ಅಷ್ಟು ದೂರ ಹೋಗುವಳೇ? ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿಯಾದರೋ ಹತ್ತಿರದವಳು, ಹೆಂಗಸು, ಬಾಣಂತನದ ಕಾಲದಿಂದ ಪರಿಚಿತಳು. ವೈದ್ಯರ ಮುಂದೆ ಆಡಲಾಗದ ಮಾತನ್ನು ಆಕೆಯ ಮುಂದೆ ಆಡಬಹುದು.

ಪರೀಕ್ಷೆ ಸರಳವಾದುದು. ದಾದಿಯು ಒಂದು ಉಪಕರಣದಿಂದ ಗರ್ಭಕಂಠವು ಕಾಣುವಂತೆ ಮಾಡಿ, ತೆಳುವಾದ ಅಸಿಟಿಕ್ ಆಮ್ಲದಲ್ಲಿ, ಎಂದರೆ ವಿನೆಗರಿನಲ್ಲಿರುವ ಹುಳಿಯಲ್ಲಿ, ಅದ್ದಿದ ಹತ್ತಿಯನ್ನು ಸವರುತ್ತಾಳೆ. ಒಂದು ನಿಮಿಷ ಕಾದು ಬೆಳಕಿನಲ್ಲಿ ನೋಡುತ್ತಾಳೆ. ಕೆಟ್ಟ ಭಾಗವಿದ್ದರೆ ಬೆಳ್ಳಗಾಗುತ್ತದೆ. ಅರಿವಳಿಕೆ ಬೇಡ, ಕೊಯ್ತವಿಲ್ಲ. ಉತ್ತರ ಅಲ್ಲಿಯೇ ದೊರೆಯುತ್ತದೆ. ಮುಟ್ಟಿನ ದಿನಗಳನ್ನು ಬಿಟ್ಟು ಹೋದರಾಯಿತು.

ಬೆಳ್ಳಗಾದುದೆಲ್ಲ ಕ್ಯಾನ್ಸರ್ ಅಲ್ಲ. ಹಲವರಲ್ಲಿ ಅದು ಬರಿಯ ಉರಿಯೂತ. ಆದರೆ ವೈದ್ಯರಲ್ಲಿಗೆ ಹೋಗಿ ನಿಶ್ಚಯಿಸಿಕೊಳ್ಳಲೇಬೇಕು. ಕೆಡುಕು ಆರಂಭದಲ್ಲಿದ್ದರೆ ಶೈತ್ಯದಿಂದಲೋ ಶಾಖದಿಂದಲೋ ಆ ಭಾಗವನ್ನಷ್ಟೇ ನಾಶಮಾಡಬಹುದು, ಗರ್ಭಕೋಶ ಉಳಿಯುತ್ತದೆ. ದಾದಿ ಕಂಡುಹಿಡಿದರೂ ಮನೆಯವರು ಮುಂದಿನ ಆಸ್ಪತ್ರೆಗೆ ಕಳುಹಿಸದಿದ್ದರೆ ತಪಾಸಣೆಯೇ ವ್ಯರ್ಥ. ಮುಟ್ಟು ನಿಂತವರಲ್ಲಿ ಈ ಪರೀಕ್ಷೆ ಅಷ್ಟು ನೆಚ್ಚತಕ್ಕದ್ದಲ್ಲ, ಅವರಿಗೆ ಎಚ್.ಪಿ.ವಿ. ಪರೀಕ್ಷೆಯೇ ಮೇಲು. ಅಕಾಲದ ರಕ್ತಸ್ರಾವ, ದಾಂಪತ್ಯ ಸಂಪರ್ಕದ ನಂತರದ ರಕ್ತ, ದುರ್ವಾಸನೆಯ ಸ್ರಾವ ಇದ್ದವರು ಶಿಬಿರದ ದಿನವನ್ನು ಕಾಯದೆ ಕೂಡಲೇ ವೈದ್ಯರನ್ನು ಕಾಣಬೇಕು. ಹೆಣ್ಣುಮಕ್ಕಳಿಗೆ ಎಳವೆಯಲ್ಲಿ ಹಾಕಿಸುವ ಲಸಿಕೆಯೂ ಇಂದು ಇದೆ. ತಾಯಂದಿರಿಗೆ ಮಾತ್ರ ತಪಾಸಣೆಯೇ ರಕ್ಷೆ.

ಹನ್ನೆರಡನೆಯ ಶತಮಾನದಲ್ಲಿಯೇ ರಜಸ್ಸೂತಕವನ್ನು ಅಲ್ಲಗಳೆದ ಶರಣರ ಪರಂಪರೆ ನಮ್ಮದು. ಸ್ತ್ರೀದೇಹದಲ್ಲಿ ಮೈಲಿಗೆಯಿಲ್ಲವೆಂದು ಒಪ್ಪಿದ ಮನೆಗಳಲ್ಲಿ, ಅದರ ರೋಗದ ಮಾತಿಗೆ ನಾಚಿಕೆಯೇಕೆ? ಅತ್ತೆಯು ಸೊಸೆಯನ್ನು, ಸೊಸೆಯು ಅತ್ತೆಯನ್ನು ಜೊತೆಗೂಡಿ ಕರೆದೊಯ್ಯಲಿ. ಗಂಡನು ಆ ಒಂದು ದಿನದ ಮನೆಗೆಲಸವನ್ನು ತಾನು ವಹಿಸಿಕೊಳ್ಳಲಿ. ತಪಾಸಣೆಯ ದಿನ ಯಾವುದೆಂದು ಊರಿನ ಆಶಾ ಕಾರ್ಯಕರ್ತೆಯನ್ನು ಈ ವಾರವೇ ವಿಚಾರಿಸಬೇಕೆಂದು ಓದುಗ ಬಂಧುಗಳಲ್ಲಿ ನಮ್ಮ ವಿನಂತಿ.