ಕಾಡಿನ ಲೆಕ್ಕಕ್ಕೂ ಒಂದು ಪುಸ್ತಕ ಇರಲಿ



ಸಂಘದ ಸಭೆಯಲ್ಲಿ ಯಾರಿಗೆ ಎಷ್ಟು ಸಾಲ ಕೊಟ್ಟಿದ್ದೇವೆ, ಎಷ್ಟು ಕಂತು ಬಂದಿದೆ, ಯಾರದ್ದು ಬಾಕಿ ಅಂತ ಕೇಳಿದರೆ ಪುಸ್ತಕ ತೆಗೆದು ಕೂಡಲೇ ಹೇಳುತ್ತೇವೆ. ಅದೇ ಸಭೆ ಮುಗಿಸಿ ಹೊರಗೆ ಬಂದ ಮೇಲೆ, "ಉಪ್ಪಾಗೆ ಮೊದಲಿನ ಹಾಗಿಲ್ಲ ಕಣೇ, ತುಡುವೆ ಜೇನಂತೂ ಕಾಣೋದೇ ಇಲ್ಲ" ಅಂತ ಮಾತಾಡಿಕೊಳ್ಳುತ್ತೇವೆ. ಎಷ್ಟು ಕಡಿಮೆಯಾಗಿದೆ? ಯಾವ ವರ್ಷದಿಂದ? ಯಾವ ಕಾನಿನಲ್ಲಿ? ಈ ಪ್ರಶ್ನೆ ಬಂದಾಗ ತೆಗೆದು ತೋರಿಸಲು ನಮ್ಮ ಹತ್ತಿರ ಪುಸ್ತಕ ಇಲ್ಲ. ಬರೀ ಬಾಯಿಮಾತಿನ ಸಾಲವನ್ನು ಯಾರೂ ಒಪ್ಪುವುದಿಲ್ಲ, ಬಾಯಿಮಾತಿನ ನಷ್ಟವನ್ನೂ ಒಪ್ಪುವುದಿಲ್ಲ.

ಕಾನೂನಿನ ಪ್ರಕಾರ ಇಂಥ ಪುಸ್ತಕ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಇರಬೇಕು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯಿತಿಯು ಜೀವವೈವಿಧ್ಯ ನಿರ್ವಹಣಾ ಸಮಿತಿ ರಚಿಸಬೇಕು. ಅದರಲ್ಲಿ ಕನಿಷ್ಠ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಊರಿನ ಮರ, ಬಳ್ಳಿ, ಮೀನು, ಹಕ್ಕಿ, ಭತ್ತದ ತಳಿ, ಮಿಡಿ ಮಾವು, ನಾಟಿ ಔಷಧಿ ಇವನ್ನೆಲ್ಲ ಜನರನ್ನೇ ಕೇಳಿ ಬರೆಯುವುದು ಸಮಿತಿಯ ಕೆಲಸ. ಇದಕ್ಕೆ ಜನತಾ ಜೀವವೈವಿಧ್ಯ ದಾಖಲಾತಿ ಎನ್ನುತ್ತಾರೆ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, 2020ರ ಜನವರಿ ಒಳಗೆ ಈ ಕೆಲಸ ಮುಗಿಸದ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕು ಅಂತ ಆದೇಶ ಮಾಡಿತು. ಆಗ ದೇಶದಲ್ಲೆಲ್ಲ ದಾಖಲಾತಿಗೆ ಅವಸರ ಶುರುವಾಯಿತು. ಅವಸರದಲ್ಲಿ ಬರೆದದ್ದು ಹೆಸರುಗಳ ಪಟ್ಟಿ ಆಗಬಹುದು, ಲೆಕ್ಕ ಆಗುವುದಿಲ್ಲ. ಸಂಘದ ಪುಸ್ತಕದಲ್ಲಿ ಸದಸ್ಯರ ಹೆಸರು ಮಾತ್ರ ಇದ್ದು ಉಳಿತಾಯದ ಅಂಕಿ ಇಲ್ಲದಿದ್ದರೆ ಹೇಗೋ ಹಾಗೆ.

ಉಪ್ಪಾಗೆಯನ್ನೇ ತೆಗೆದುಕೊಳ್ಳಿ. ಅಜ್ಜಿಯರ ಕಾಲದಲ್ಲಿ ಇದು ಹುಳಿಗೆ, ಬೀಜ ತುಪ್ಪಕ್ಕೆ ಬರುತ್ತಿದ್ದ ಮನೆ ಬಳಕೆಯ ವಸ್ತು. 1990ರ ದಶಕದಲ್ಲಿ ಸಿಪ್ಪೆಯ ಸತ್ವ ಮೈಬೊಜ್ಜು ಕರಗಿಸುವ ಮಾತ್ರೆಗೆಂದು ವಿದೇಶಕ್ಕೆ ಹೋಗತೊಡಗಿತು, ಬೆಲೆ ಏರಿತು. ನಾನು ಬಿಟ್ಟರೆ ಇನ್ನೊಬ್ಬರು ಕೊಯ್ಯುತ್ತಾರೆ ಅಂತ ಹಣ್ಣಾಗುವ ಮೊದಲೇ ಕೊಯ್ದರು, ಕೊಂಬೆ ಕಡಿದರು. ಒಣಗಿಸಲು ಕಾಡಿನದೇ ಕಟ್ಟಿಗೆ ಉರಿಯಿತು. ಉಪ್ಪಾಗೆಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಕಾಯಿ ಬಿಡದ ಮರ ದಂಡ ಅಂತ ಗಂಡು ಮರ ಕಡಿದರೆ ಹೆಣ್ಣು ಮರದ ಫಸಲೂ ಹೋಗುತ್ತದೆ. ಇದರ ಲೆಕ್ಕ ಇಡುವುದು ಹೇಗೆ?

ಸೊಪ್ಪಿಗೆ, ದರಗಿಗೆ ನೀವು ಹೋಗುವ ದಾರಿಯಲ್ಲೇ ಇಪ್ಪತ್ತು ಉಪ್ಪಾಗೆ ಮರ ಗೊತ್ತು ಮಾಡಿಕೊಳ್ಳಿ. ಬಣ್ಣದಲ್ಲಿ ನಂಬರ್ ಬರೆಯಿರಿ, ಮೊಳೆ ಹೊಡೆಯುವುದು ಬೇಡ. ಅರಣ್ಯ ಇಲಾಖೆಯ ಜಾಗವಾದರೆ ಮೊದಲು ಅವರ ಒಪ್ಪಿಗೆ ಕೇಳಿ. ವರ್ಷಕ್ಕೊಮ್ಮೆ, ಆರಿದ್ರಾ ಮಳೆ ಶುರುವಾದ ವಾರ ಅಂತ ಇಟ್ಟುಕೊಳ್ಳಿ, ಪ್ರತಿ ಮರದ ಮುಂದೆ ನಿಂತು ನಾಲ್ಕು ಸಂಗತಿ ಬರೆಯಬೇಕು: ಗಂಡೋ ಹೆಣ್ಣೋ, ಕಾಯಿ ಇದೆಯೋ ಇಲ್ಲವೋ, ಕಡಿದ ಕೊಂಬೆ ಎಷ್ಟು, ಬುಡದಿಂದ ಐದು ಹೆಜ್ಜೆ ಸುತ್ತ ಎಷ್ಟು ಸಸಿ ಇದೆ. ನನ್ನ ಪ್ರಕಾರ ಕೊನೆಯದೇ ಎಲ್ಲಕ್ಕಿಂತ ಮುಖ್ಯ. ದೊಡ್ಡ ಮರಗಳು ನಿಂತಿರುವವರೆಗೆ ಕಾಡು ಚೆನ್ನಾಗಿದೆ ಅನ್ನಿಸುತ್ತದೆ. ಬುಡದಲ್ಲಿ ಸಸಿ ಇಲ್ಲದಿದ್ದರೆ ನಮ್ಮ ಮೊಮ್ಮಕ್ಕಳಿಗೆ ಆ ಮರ ಇಲ್ಲ.

ಮುಂದಿನ ವರ್ಷವೂ ಅದೇ ದಾರಿ, ಅದೇ ಮರ, ಅದೇ ಮಳೆ. ಈ ವರ್ಷ ಇಬ್ಬರು ಒಂದು ಗಂಟೆ ನೋಡಿ, ಬರುವ ವರ್ಷ ಹತ್ತು ಜನ ದಿನವಿಡೀ ನೋಡಿದರೆ ಸಸಿ ಹೆಚ್ಚು ಕಾಣುತ್ತದೆ. ಹೆಚ್ಚಾದದ್ದು ಸಸಿ ಅಲ್ಲ, ಕಣ್ಣು! ಏನೂ ಕಾಣದಿದ್ದರೆ ಸೊನ್ನೆ ಅಂತ ಬರೆಯಲೇಬೇಕು. ಖಾಲಿ ಬಿಟ್ಟರೆ ಸಸಿ ಇರಲಿಲ್ಲವೋ, ನಾವೇ ಹೋಗಲಿಲ್ಲವೋ ತಿಳಿಯುವುದಿಲ್ಲ. ಒಂದು ವರ್ಷ ಕಾಯಿ ಕಡಿಮೆ ಬಂದರೆ ಗಾಬರಿ ಬೇಡ. ನಮ್ಮ ಮಾವಿನ ಮರವೂ ಒಂದು ವರ್ಷ ಬಿಟ್ಟು ಇನ್ನೊಂದು ವರ್ಷ ದಣಿಯುತ್ತದಲ್ಲ. ನಾಲ್ಕೈದು ವರ್ಷ ಸಾಲಾಗಿ ನೋಡಿದ ಮೇಲೆ ಮಾತಾಡಬಹುದು.

ಇನ್ನು, ನಾವು ಮಾಡುವ ರಕ್ಷಣೆ ಫಲ ಕೊಟ್ಟಿದೆಯಾ ಅಂತ ತಿಳಿಯುವುದು ಹೇಗೆ? ತೀರ್ಥಹಳ್ಳಿ ಹತ್ತಿರದ ಚಿಬ್ಬಲಗುಡ್ಡೆಯಲ್ಲಿ ತುಂಗಾ ನದಿಯ ಮೀನು ಹಿಡಿಯುವಂತಿಲ್ಲ, ಅದು ಮತ್ಸ್ಯಧಾಮ. ಮೆಟ್ಟಿಲ ಹತ್ತಿರ ಅಕ್ಕಿ ಹಾಕಿದರೆ ದೊಡ್ಡ ದೊಡ್ಡ ಮೀನು ಮೇಲೆ ಬರುತ್ತವೆ, ನೋಡಿ ಸಂತೋಷವಾಗುತ್ತದೆ. ಆದರೆ ಅಕ್ಕಿ ಬೀಳುವ ಜಾಗದಲ್ಲಿ ಮೀನು ಸೇರುವುದು ಸಹಜ. ರಕ್ಷಣೆಯಿಂದ ಮೀನು ಹೆಚ್ಚಾಗಿದೆ ಅನ್ನಬೇಕಾದರೆ, ಅದೇ ಹೊಳೆಯಲ್ಲಿ ರಕ್ಷಣೆ ಇಲ್ಲದ ಇನ್ನೊಂದು ಗುಂಡಿಯನ್ನೂ ಅದೇ ರೀತಿ ಎಣಿಸಿ ಹೋಲಿಸಬೇಕು. ಕಾನಿನಲ್ಲೂ ಹಾಗೆಯೇ. ಕೊಂಬೆ ಕಡಿಯಬಾರದು ಅಂತ ಒಂದು ಊರಿನವರು ತೀರ್ಮಾನ ಮಾಡಿದ್ದರೆ, ಪಕ್ಕದ ಊರಿನ ಇಪ್ಪತ್ತು ಮರವನ್ನೂ ನೋಡಿ. ಮಂಡಗದ್ದೆ ಪಕ್ಷಿಧಾಮದಲ್ಲಾದರೆ ಮಳೆಗಾಲದಲ್ಲಿ ಗೂಡು ಎಣಿಸುವುದು ಸುಲಭ. ಹಕ್ಕಿ ಹಾರಿಹೋಗುತ್ತದೆ, ಗೂಡು ನಿಂತಲ್ಲೇ ಇರುತ್ತದೆ.

ಊರಿನ ಇಂಥ ಲೆಕ್ಕ ದೇಶಕ್ಕೆ ಏನು ಮಾಡೀತು ಅಂತ ನಿಮಗೆ ಅನ್ನಿಸಬಹುದು. ರಾಜಸ್ಥಾನದ ಭರತಪುರದಲ್ಲಿ ರಣಹದ್ದಿನ ಗೂಡು ಎಣಿಸುತ್ತಿದ್ದವರಿಗೆ 1990ರ ದಶಕದಲ್ಲಿ ಅವು ಬೇಗ ಬೇಗ ಕಡಿಮೆಯಾಗುತ್ತಿರುವುದು ತಿಳಿಯಿತು. ಹಳೆಯ ಅಂಕಿ ಇದ್ದದ್ದರಿಂದ ಬೇರೆಯವರೂ ನಂಬಿದರು. ಹುಡುಕುತ್ತಾ ಹೋದಾಗ, ದನಕ್ಕೆ ನೋವಿಗೆ ಕೊಡುವ ಡೈಕ್ಲೋಫೆನಾಕ್ ಔಷಧಿ, ಆ ದನ ಸತ್ತ ಮೇಲೆ ತಿಂದ ಹದ್ದನ್ನು ಕೊಲ್ಲುತ್ತಿತ್ತು ಅಂತ ಗೊತ್ತಾಯಿತು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದು ನಿಷೇಧವಾಯಿತು. ಎಣಿಕೆ ನಿಲ್ಲಿಸದೆ ಮುಂದುವರಿಸಿದ್ದಕ್ಕೆ, ನಿಷೇಧದ ನಂತರ ಇಳಿತ ನಿಧಾನವಾದದ್ದೂ ತಿಳಿಯಿತು.

ನಮ್ಮ ಕಾನಿನ ರಾಂಪತ್ರೆ ಮರ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಕೆಂಪು ಪಟ್ಟಿಯಲ್ಲಿದೆ. ಅಂಥ ಪಟ್ಟಿಗೂ ಯಾರೋ ಎಲ್ಲೋ ಮರ ನೋಡಿ ಬರೆದ ಲೆಕ್ಕವೇ ಆಧಾರ. 2022ರ ಡಿಸೆಂಬರಿನಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಸೇರಿದ ದೇಶಗಳು, 2030ರೊಳಗೆ ಜಗತ್ತಿನ ನೆಲ ಮತ್ತು ಸಮುದ್ರದ ಶೇಕಡಾ 30ರಷ್ಟನ್ನು ರಕ್ಷಿಸುವ ಗುರಿ ಒಪ್ಪಿಕೊಂಡವು. ನಕ್ಷೆಯಲ್ಲಿ ಗೆರೆ ಎಳೆಯುವುದು ಕಷ್ಟವಲ್ಲ. ಗೆರೆಯ ಒಳಗೆ ಸಸಿ ಏಳುತ್ತಿದೆಯೋ ಇಲ್ಲವೋ ಹೇಳುವವರು ಅಲ್ಲಿ ಓಡಾಡುವವರೇ ಆಗಬೇಕು.

ಇದರಲ್ಲಿ ನಮ್ಮ ಹಕ್ಕಿನ ವಿಷಯವೂ ಇದೆ. ವ್ಯಾಪಾರಕ್ಕಾಗಿ ಪಂಚಾಯಿತಿ ವ್ಯಾಪ್ತಿಯಿಂದ ಇಂಥ ವಸ್ತು ಸಂಗ್ರಹಿಸುವವರ ಮೇಲೆ ಶುಲ್ಕ ಹಾಕುವ ಅಧಿಕಾರವನ್ನು ಕಾಯ್ದೆ ಸಮಿತಿಗೆ ಕೊಟ್ಟಿದೆ. ಊರಲ್ಲಿ ಏನಿದೆ, ಎಷ್ಟು ಹೋಗುತ್ತಿದೆ ಅಂತಲೇ ಬರೆದಿಡದಿದ್ದರೆ ಯಾವ ಆಧಾರದ ಮೇಲೆ ಕೇಳುವುದು? ಒಂದು ಎಚ್ಚರಿಕೆ: ಅಪರೂಪದ ಔಷಧಿ ಗಿಡ ಇರುವ ಜಾಗವನ್ನು ಕಂಡವರಿಗೆಲ್ಲ ತೋರಿಸಬೇಡಿ. ಹಿರಿಯರ ಮದ್ದಿನ ವಿಧಾನವನ್ನು ಅವರು ಒಪ್ಪದೆ ಬರೆಯಬೇಡಿ.

ಮುಂದಿನ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ನಮ್ಮ ಸಮಿತಿಯಲ್ಲಿರುವ ಮಹಿಳೆಯರು ಯಾರು? ದಾಖಲಾತಿ ಪುಸ್ತಕ ಎಲ್ಲಿದೆ, ನಮಗೆ ಓದಿ ಹೇಳುತ್ತೀರಾ? ಕೊನೆಯ ಸಲ ಅದರಲ್ಲಿ ಬರೆದದ್ದು ಯಾವಾಗ? ಉತ್ತರವನ್ನು ಸಂಘದ ನಡವಳಿ ಪುಸ್ತಕದಲ್ಲಿ ದಿನಾಂಕ ಹಾಕಿ ಬರೆದುಕೊಳ್ಳಿ. ಉಪ್ಪಾಗೆ ಲೆಕ್ಕಕ್ಕೆ ಇನ್ನೂರು ಪುಟದ ಒಂದು ನೋಟ್ ಬುಕ್ ಸಾಕು. ಓದು ಬರಹ ಬಲ್ಲ ಒಬ್ಬರು, ಮರದ ಗುರುತು ಬಲ್ಲ ಹಿರಿಯರೊಬ್ಬರು ಜೊತೆಯಾಗಿ ಹೋಗಲಿ.