ಒಂದೇ ಗಾಡಿ, ಎರಡು ದಾರಿ: ಎಸ್‌ಯುವಿ ವಾಹನಗಳ ಸಸ್ಪೆನ್ಷನ್ ಕುರಿತು ಕೆಲವು ವಿಚಾರಗಳು

ಭೌತಿಕ ಸಂಸ್ಕೃತಿಯನ್ನು ಕುರಿತ ಜಾನಪದ ಅಧ್ಯಯನಗಳಲ್ಲಿ ಎತ್ತಿನ ಗಾಡಿಗೆ ಮಹತ್ವದ ಸ್ಥಾನವಿದೆ. ಗುಂಬ, ಇರಸು, ಕಡೆಗೀಲು, ನೊಗ ಮೊದಲಾದ ಅದರ ಅಂಗಗಳ ಹೆಸರುಗಳನ್ನು ನಮ್ಮ ವಿದ್ವಾಂಸರು ಶ್ರದ್ಧೆಯಿಂದ ಸಂಗ್ರಹಿಸಿದ್ದಾರೆ. ಆದರೆ ಆ ಗಾಡಿಯಲ್ಲಿ ಇಲ್ಲದ ಒಂದು ಅಂಗವೂ ವಿಚಾರಾರ್ಹವಾದುದು. ಹೊಲದ ಗಾಡಿಗೆ ಕಮಾನು ಪಟ್ಟಿ ಇಲ್ಲ. ಪಟ್ಟಣದ ಜಟಕಾ ಬಂಡಿಗೆ ಇತ್ತು. ಹೊಲದ ಗಾಡಿ ನಿಧಾನವಾಗಿ ಸಾಗುತ್ತದೆ; ಅದು ಹೊರುವುದು ಹುಲ್ಲು, ಗೊಬ್ಬರ, ಕಾಳಿನ ಮೂಟೆಗಳನ್ನು. ಉಬ್ಬುತಗ್ಗುಗಳನ್ನು ದಾಟಲು ಅದಕ್ಕೆ ಎತ್ತರದ ಚಕ್ರವೇ ಸಾಕು. ಜಟಕಾ ಮನುಷ್ಯರನ್ನು ಕೂರಿಸಿಕೊಂಡು ಓಡಬೇಕಾಗಿತ್ತು. ದಾರಿ ಎರಡಾದುದರಿಂದ ಗಾಡಿಯೂ ಎರಡಾಯಿತು. ಇವೆರಡರ ಕೆಲಸವನ್ನೂ ಒಂದೇ ವಾಹನದಿಂದ ನಿರೀಕ್ಷಿಸುವುದು ಮೋಟಾರು ಯುಗದ ಆಸೆ. ಎಸ್‌ಯುವಿ ಎಂದು ಕರೆಯಲಾಗುವ ವಾಹನಗಳ ಸಸ್ಪೆನ್ಷನ್, ಅಂದರೆ ಚಕ್ರಕ್ಕೂ ಒಡಲಿಗೂ ನಡುವಣ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಮತ್ತು ಜೋಡಣೆಗಳ ವ್ಯವಸ್ಥೆ, ಈ ಆಸೆಯನ್ನು ಎಷ್ಟರಮಟ್ಟಿಗೆ ಈಡೇರಿಸಿದೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಕಚ್ಚಾ ದಾರಿಯ ಬೇಡಿಕೆಗಳು ಸ್ಪಷ್ಟ. ಒಡಲು ನೆಲದಿಂದ ಎತ್ತರದಲ್ಲಿರಬೇಕು. ಚಕ್ರವು ಗುಂಡಿಗೆ ಇಳಿಯುವಷ್ಟು, ಬಂಡೆಗೆ ಏರುವಷ್ಟು ಮೇಲೆ ಕೆಳಗೆ ಚಲಿಸಬೇಕು. ಅದಕ್ಕಾಗಿ ಸ್ಪ್ರಿಂಗು ಮೃದುವಾಗಿರಬೇಕು. ಡಾಂಬರು ರಸ್ತೆಯ ಬೇಡಿಕೆ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದುದು. ವೇಗವಾಗಿ ತಿರುಗುವಾಗ ಒಡಲು ಹೊರಮಗ್ಗುಲಿಗೆ ವಾಲುತ್ತದೆ. ಗುರುತ್ವಕೇಂದ್ರ ಮೇಲಿದ್ದಷ್ಟೂ, ಸ್ಪ್ರಿಂಗು ಮೃದುವಾದಷ್ಟೂ ಈ ವಾಲುವಿಕೆ ಹೆಚ್ಚು. ಎಡಬಲ ಚಕ್ರಗಳ ನಡುವಿನ ಅಂತರದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದಾಗ ದೊರೆಯುವ ಸಂಖ್ಯೆ ಚಿಕ್ಕದಾದಷ್ಟೂ ವಾಹನ ಮಗುಚುವ ಸಂಭವ ಹೆಚ್ಚುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತವು 2001ರಲ್ಲಿ ಈ ಲೆಕ್ಕವನ್ನಾಧರಿಸಿ ವಾಹನಗಳಿಗೆ ಶ್ರೇಣಿ ನೀಡತೊಡಗಿತು. ಎತ್ತರಕ್ಕೆ ಹುಲ್ಲು ಹೇರಿದ ಗಾಡಿ ಓರೆ ನೆಲದಲ್ಲಿ ಉರುಳುವುದೂ ಇದೇ ಕಾರಣದಿಂದ.

1941ರ ವಿಲ್ಲಿಸ್ ಜೀಪಿನಲ್ಲಿ ಮುಂದೆಯೂ ಹಿಂದೆಯೂ ಇಡಿಯಾದ ಆಕ್ಸಲ್ ಮತ್ತು ಕಮಾನು ಪಟ್ಟಿಗಳಿದ್ದವು. ಗಾಡಿಯ ಇರಸಿಗೆ ಜಟಕಾದ ಕಮಾನನ್ನು ಸೇರಿಸಿದಂತಹ ರಚನೆ ಇದು. 1985ರಲ್ಲಿ ಬಂದ ಮಾರುತಿ ಜಿಪ್ಸಿಯದೂ ಇದೇ ಕ್ರಮ. ಇಡಿ ಆಕ್ಸಲ್‌ನ ಒಂದು ತುದಿಯ ಚಕ್ರ ಕಲ್ಲನ್ನು ಏರಿದರೆ ಇನ್ನೊಂದು ತುದಿ ತಕ್ಕಡಿಯಂತೆ ಕೆಳಕ್ಕೆ ಒತ್ತಲ್ಪಟ್ಟು ನೆಲವನ್ನು ಹಿಡಿಯುತ್ತದೆ. ಡಿಫರೆನ್ಷಿಯಲ್ ಆಕ್ಸಲ್‌ನಲ್ಲಿಯೇ ಇರುವುದರಿಂದ, ಒಡಲು ಕುಗ್ಗಿದರೂ ಅದಕ್ಕೂ ನೆಲಕ್ಕೂ ಇರುವ ಅಂತರ ಬದಲಾಗದು. ಪ್ರತಿ ಚಕ್ರವೂ ಪ್ರತ್ಯೇಕವಾಗಿ ಆಡುವ ಸ್ವತಂತ್ರ ಸಸ್ಪೆನ್ಷನ್‌ನಲ್ಲಿ ಹಾಗಲ್ಲ. ಅಲ್ಲಿ ಡಿಫರೆನ್ಷಿಯಲ್ ಒಡಲಿನೊಂದಿಗೆ ಕಲ್ಲಿನ ಹತ್ತಿರಕ್ಕೆ ಇಳಿಯುತ್ತದೆ. ಆದರೆ ರಸ್ತೆಯ ಮೇಲೆ ಇಡಿ ಆಕ್ಸಲ್ ಭಾರವೇ ತೊಡಕಾಗುತ್ತದೆ; ಒಂದು ಚಕ್ರಕ್ಕೆ ಬಿದ್ದ ಪೆಟ್ಟು ಇನ್ನೊಂದನ್ನೂ ಅಲುಗಿಸುತ್ತದೆ. ಕಮಾನು ಪಟ್ಟಿ ತುಂಡಾದರೆ ಸಣ್ಣ ಊರಿನ ವರ್ಕ್‌ಶಾಪಿನಲ್ಲಿಯೇ ಬದಲಿಸಬಹುದಾದುದರಿಂದ ಮಲೆನಾಡಿನ ತೋಟಗಳಲ್ಲಿ ಹಳೆಯ ಜೀಪು ಬಹುಕಾಲ ಉಳಿಯಿತು. ಗಾಡಿ ಮಾಡುವ ಬಡಗಿಯ ಪದಕೋಶವನ್ನು ಸಿದ್ಧಪಡಿಸಿದ ನಾವು ಜೀಪಿನ ಮೇಸ್ತ್ರಿಯ ಬಳಿಗೆ ಅಷ್ಟಾಗಿ ಹೋಗಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು.

1970ರಲ್ಲಿ ಬಂದ ರೇಂಜ್ ರೋವರ್ ಇಡಿ ಆಕ್ಸಲ್‌ಗಳನ್ನು ಉಳಿಸಿಕೊಂಡು, ಕಮಾನು ಪಟ್ಟಿಗಳ ಬದಲು ಮೃದುವಾದ, ಉದ್ದ ಚಲನೆಯ ಸುರುಳಿ ಸ್ಪ್ರಿಂಗುಗಳನ್ನು ಅಳವಡಿಸಿಕೊಂಡಿತು. ಕಲ್ಲುದಾರಿಯಲ್ಲಿಯೂ ಕುಳಿತವರಿಗೆ ಹಿತವೆನಿಸಿತು. ತಿರುವುಗಳಲ್ಲಿ ಮಾತ್ರ ಒಡಲು ದೋಣಿಯಂತೆ ವಾಲುತ್ತಿತ್ತು. ಇದನ್ನು ತಡೆಯುವ ಸಾಧನ ಆಂಟಿ-ರೋಲ್ ಬಾರ್. ಎಡಬಲ ಚಕ್ರಗಳನ್ನು ಜೋಡಿಸುವ ಈ ಉಕ್ಕಿನ ಸರಳು, ಒಡಲು ಒಂದು ಕಡೆಗೆ ವಾಲತೊಡಗಿದಾಗ ತಿರುಚಿಕೊಂಡು ಎದುರು ಬಲ ಒಡ್ಡುತ್ತದೆ. ಹೆದ್ದಾರಿಯಲ್ಲಿ ರಕ್ಷೆಯಾದ ಅದೇ ಸರಳು ಬಂಡೆಗಳ ನಡುವೆ ಸಂಕೋಲೆಯಾಗುತ್ತದೆ. ಒಂದು ಚಕ್ರ ಏರಿದಾಗ ಜೊತೆಯ ಚಕ್ರವನ್ನು ಕೆಳಗಿಳಿಯಗೊಡದು. ಇಡೀ ಸಮಸ್ಯೆಯ ಗಂಟು ಇರುವುದು ಇಲ್ಲಿಯೇ. 2007ರ ಮಾದರಿಯ ಜೀಪ್ ರಾಂಗ್ಲರ್ ರೂಬಿಕಾನ್‌ನಲ್ಲಿ ಮುಂದಿನ ಸರಳನ್ನು ಗುಂಡಿಯೊತ್ತಿ ಬಿಡಿಸುವ ಏರ್ಪಾಡು ಬಂದಿತು. 2004ರ ಲ್ಯಾಂಡ್ ರೋವರ್ ಡಿಸ್ಕವರಿ 3 ಬೇರೆ ದಾರಿ ಹಿಡಿಯಿತು: ಚಕ್ರಗಳು ಸ್ವತಂತ್ರವಾಗಿದ್ದರೂ ಎಡಬಲದ ಗಾಳಿ ಸ್ಪ್ರಿಂಗುಗಳ ನಡುವೆ ಸಂಪರ್ಕ ಕಲ್ಪಿಸಿ, ಬೇಕಾದಾಗ ಇಡಿ ಆಕ್ಸಲ್‌ನ ತಕ್ಕಡಿಯ ಗುಣವನ್ನು ಪಡೆಯುವಂತೆ ಮಾಡಲಾಯಿತು. ಎರಡೂ ಜಾಣ ಪರಿಹಾರಗಳೇ. ಬೆಲೆ ಮಾತ್ರ ಸಾಮಾನ್ಯರಿಗೆ ನಿಲುಕುವಂತಹುದಲ್ಲ.

2020ರ ಮಹೀಂದ್ರ ಥಾರ್ ಮಧ್ಯಮ ಮಾರ್ಗವನ್ನು ಅನುಸರಿಸಿತು: ಮುಂದೆ ಸ್ವತಂತ್ರ ಸಸ್ಪೆನ್ಷನ್, ಹಿಂದೆ ಸುರುಳಿ ಸ್ಪ್ರಿಂಗಿನ ಇಡಿ ಆಕ್ಸಲ್, ನೆಲದಿಂದ 226 ಮಿ.ಮೀ. ಅಂತರ. ದಿಕ್ಕು ಬದಲಿಸುವ ಚಕ್ರಗಳಿಗೆ ನಿಖರತೆ, ಹೊರೆ ಹೊರುವ ಚಕ್ರಗಳಿಗೆ ಗಟ್ಟಿತನ ಎಂಬ ಈ ವಿಭಜನೆ ವಿವೇಕಯುತವಾದುದು. 2023ರ ಮಾರುತಿ ಜಿಮ್ನಿ ಮುಂದೆಯೂ ಇಡಿ ಆಕ್ಸಲ್ ಉಳಿಸಿಕೊಂಡು ಗುಡ್ಡದ ಪಕ್ಷ ವಹಿಸಿತು.

ತಯಾರಕರು ಹೀಗೆ ತೂಗಿ ನಿರ್ಧರಿಸಿದ್ದನ್ನು ವಾಹನದ ಒಡೆಯರು ಕೆಡಿಸುವುದೂ ಉಂಟು. ಒಡಲನ್ನು ಇನ್ನಷ್ಟು ಎತ್ತರಿಸಿ, ದೊಡ್ಡ ಟೈರು ತೊಡಿಸಿ, ಆಂಟಿ-ರೋಲ್ ಬಾರ್ ಕಳಚಿ, ಮಾಡಿನ ಮೇಲೆ ಸಾಮಾನು ಹೇರಿ ಆಗುಂಬೆ ಅಥವಾ ಚಾರ್ಮಾಡಿ ಘಾಟಿಯನ್ನು ಇಳಿಯುವವರು ಗುರುತ್ವಕೇಂದ್ರವನ್ನು ಮೇಲಕ್ಕೇರಿಸಿಕೊಂಡೇ ತಿರುವಿಗೆ ಬರುತ್ತಾರೆ. ಇಂತಹ ಮಾರ್ಪಾಡುಗಳಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಪ್ರಕರಣ ನಿರ್ಬಂಧ ಹೇರಿದೆ. ಕಚ್ಚಾ ದಾರಿಗೆ ಅನುಭವಿ ಚಾಲಕರ ಉಪಾಯ ಇದಕ್ಕಿಂತ ಸರಳವಾದುದು. ಟೈರೇ ಮೊದಲ ಸ್ಪ್ರಿಂಗು ಎಂದರಿತ ಅವರು ಗಾಳಿಯನ್ನು ತುಸು ಇಳಿಸುತ್ತಾರೆ. ಟೈರು ಅಗಲವಾಗಿ ನೆಲಕ್ಕೆ ಒರಗಿ ಕಲ್ಲನ್ನು ಅಪ್ಪುತ್ತದೆ. ಡಾಂಬರು ರಸ್ತೆ ತಲುಪಿದೊಡನೆ ಮೊದಲಿನಷ್ಟು ಗಾಳಿ ತುಂಬಿಸಬೇಕಾಗುತ್ತದೆ. ಇಲ್ಲವಾದರೆ ವೇಗದಲ್ಲಿ ಟೈರಿನ ಮಗ್ಗುಲು ಬಿಸಿಯಾಗಿ ಒಡೆಯುವ, ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚುವ ಅಪಾಯವಿದೆ.